ಒಂಬತ್ತು ಸೆಕೆಂಡಿನ ತೀರ್ಪು

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮಹಾನಂದ ಕಳಿಸಿದ ಎಚ್ಚರಿಕೆಯನ್ನು ಒಂಬತ್ತೇ ಸೆಕೆಂಡಿನಲ್ಲಿ ಸುಳ್ಳು ಎಂದು ಹೊಡೆದುಹಾಕಿದ್ದು ಅವಳ ಸ್ವಂತ ಮಗಳು.

ಮಹಾನಂದ ಕಲ್ಮಡುವು ಅಣೆಕಟ್ಟಿನಲ್ಲಿ ಸಹಾಯಕ ಎಂಜಿನಿಯರ್. ಆ ದಿನ ಹದಿನಾರು ಗೇಟುಗಳ ಹೊಣೆ ಅವಳದು. ಮಗಳು ದಾಕ್ಷಾಯಣಿಗೆ ಹದಿನಾರು ವರ್ಷ. ಅಣೆಕಟ್ಟಿನಿಂದ ಒಂಬತ್ತು ಕಿಲೋಮೀಟರು ಕೆಳಗೆ, ಹೊಳೆಸಾಲು ಎಂಬ ಊರಿನ ತಗ್ಗಿನ ಓಣಿಯಲ್ಲಿ, ಅಜ್ಜಿ ನಿಂಗವ್ವನ ಜೊತೆ ಮನೆಯಲ್ಲಿದ್ದಳು. ಅಪ್ಪ ಲಾರಿ ಹತ್ತಿ ಮಹಾರಾಷ್ಟ್ರದ ಕಡೆ ಹೋಗಿ ನಾಲ್ಕು ದಿನವಾಗಿತ್ತು.

ಒಂದು ಹುಡುಗಿ ಸುಳ್ಳು ಅಂದಮಾತ್ರಕ್ಕೆ ಸರ್ಕಾರದ ಎಚ್ಚರಿಕೆ ಸುಳ್ಳಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುತ್ತದೆ, ಹಾಗೆ ಆಗಲಿ ಎಂದು ನಾವೇ ಕಾನೂನು ಮಾಡಿಕೊಂಡಿದ್ದೆವು. ಹಿಂದಿನ ವರ್ಷ ಒಂದು ಸಂಜೆ ತಗ್ಗಿನ ಓಣಿಯ ಸುಮಾರು ನಾನೂರು ಫೋನುಗಳು ಒಟ್ಟಿಗೇ ಬಡಿದುಕೊಂಡವು. ಪ್ರತಿ ಫೋನಿನಲ್ಲೂ ಆಯಾ ಮನೆಯವರದೇ ದನಿ. ಮಗನಿಗೆ ಅಪ್ಪನ ದನಿ, ಹೆಂಡತಿಗೆ ಗಂಡನ ದನಿ. ಡ್ಯಾಮ್ ಒಡೆದಿದೆ, ಓಡಿ ಎಂದವು. ಜನ ಓಡಿದರು. ಹಿಟ್ಟಿನ ಗಿರಣಿಯ ಪಕ್ಕದ ಸಂದಿಯಲ್ಲಿ ತುಳಿದಾಟವಾಗಿ ಮೂವರು ಸತ್ತರು. ಡ್ಯಾಮ್ ನೆಟ್ಟಗೇ ಇತ್ತು. ಯಾರೋ ದೂರದಲ್ಲಿ ಕೂತು ದನಿಗಳನ್ನು ಕದ್ದು ಆಡಿದ ಆಟ, ಅವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಆಮೇಲೆ ಬಂದದ್ದು ಖಾತರಿ ಕಾಯಿದೆ. ದೊಡ್ಡವರು ಏನು ಹೇಳಿದರೂ ನಂಬಿಬಿಡುತ್ತಾರೆ, ಮಕ್ಕಳು ಮೋಸ ಹೋಗುವುದು ಕಡಿಮೆ, ಆದ್ದರಿಂದ ಪ್ರತಿ ಮನೆಯ ಹದಿಹರೆಯದವರೊಬ್ಬರು ಆ ಮನೆಯ ಖಾತರಿದಾರರು ಎಂದಾಯಿತು. ಓಣಿಗೆ ಬರುವ ಯಾವ ಸೂಚನೆಯಾದರೂ ಮೊದಲು ಅವರ ಕೈಗೆ ಬರಬೇಕು. ಅವರಲ್ಲಿ ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ಕೈಗೆ ಕಟ್ಟುವ ಒಂದು ಪಟ್ಟಿ ಹೇಳುತ್ತಿತ್ತು. ಹುಡುಗರು ಪರದೆಯಲ್ಲಿ ಎಷ್ಟು ಹೊತ್ತು ಮುಳುಗಿದ್ದರು, ಕಣ್ಣು ಎಷ್ಟು ಅಲುಗದೆ ನಿಂತಿತ್ತು, ಬೆರಳು ಎಷ್ಟು ಚುರುಕಾಗಿ ಹೋಯಿತು, ಎಲ್ಲವನ್ನೂ ಅಳೆದು ಅದು ಒಂದು ಅಂಕ ಕೊಡುತ್ತಿತ್ತು. ಅದಕ್ಕೆ ಆಳ ಎಂದು ಹೆಸರು. ಆಳ ಹೆಚ್ಚಿದ್ದವರಿಗೆ ತಿಳಿವಳಿಕೆಯೂ ಹೆಚ್ಚು ಎಂಬುದು ಸರ್ಕಾರದ ಲೆಕ್ಕಾಚಾರ. ಬಾವಿಯ ಆಳ ಅಳೆದವನಿಗೆ ನೀರು ಸಿಹಿಯೋ ಉಪ್ಪೋ ಗೊತ್ತಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಳ್ಳು ಏಕೆ ಹೇಳಲಿ.

ಓಣಿಯ ಆರುನೂರ ಹನ್ನೊಂದು ಖಾತರಿದಾರರಲ್ಲಿ ಆಳದಲ್ಲಿ ಮೊದಲನೆಯವಳು ದಾಕ್ಷಾಯಣಿ. ಅವಳು ಸುಳ್ಳು ಎಂದರೆ ಓಣಿಯ ಅಷ್ಟೂ ಫೋನುಗಳ ಮೇಲೆ ಕೆಂಪು ಪಟ್ಟಿ ಬೀಳುತ್ತಿತ್ತು. ಕೆಂಪು ಬಿದ್ದ ಸೂಚನೆಯನ್ನು ನಂಬಿ ಮನೆ ಬಿಟ್ಟು ಹೋದವರ ಅಂಕ ಸೊನ್ನೆಗೆ ಇಳಿಯುತ್ತಿತ್ತು. ಮತ್ತೆ ತುಳಿದಾಟವಾಗಬಾರದು ಎಂದು ಮಾಡಿದ ನಿಯಮ ಅದು.

ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ತುಂಬ ಹೊಳೆಯ ನಕಾಶೆ ಇತ್ತು. ತಗ್ಗಿನ ಓಣಿಯ ಜಾಗದಲ್ಲಿ ಆರುನೂರ ಹನ್ನೊಂದು ಹಸಿರು ಚುಕ್ಕೆಗಳು, ಒಂದೊಂದೂ ಒಂದು ಖಾತರಿ ಫೋನು. ಒಂದೂ ಕದಲಿರಲಿಲ್ಲ.

"ಮೇಡಂ, ಅಡಿ ಲೆಕ್ಕ ನೋಡ್ರಿ," ಎಂದ ಹುಸೇನಪೀರ. ಇಪ್ಪತ್ತೆಂಟು ವರ್ಷದಿಂದ ಗೇಟು ಎತ್ತಿ ಇಳಿಸಿ ಬೆನ್ನು ಬಾಗಿದ ಮನುಷ್ಯ. "ತಾಸಿಗೆ ಎರಡೂವರೆ ಅಡಿ ಏರಾಕತ್ತೈತಿ. ಮ್ಯಾಲಿನ ಕೆರಿ ಒಡದಾವು."

ಬೆಟ್ಟದ ಮೇಲೆ ಬೆಳಗಿನ ಜಾವದಿಂದ ಮಳೆ ಹುಯ್ದು ಮೂರು ಕೆರೆಗಳು ಒಂದರ ಹಿಂದೊಂದು ಒಡೆದಿದ್ದವು. ನಾಲ್ಕೂ ನಲವತ್ತಕ್ಕೆ ಹದಿನಾರೂ ಗೇಟು ತೆರೆಯದಿದ್ದರೆ ನೀರು ಎಡಗಡೆಯ ಮಣ್ಣಿನ ಏರಿಯನ್ನು ಹತ್ತುತ್ತಿತ್ತು. ಏರಿ ಹೋದರೆ ಹನ್ನೊಂದು ಊರು ಹೋಗುತ್ತಿದ್ದವು. ತೆರೆದರೆ ಹೋಗುವುದು ತಗ್ಗಿನ ಓಣಿಯೊಂದೇ. ಎರಡನ್ನೂ ತೂಗಿ ನೋಡುವ ಅಗತ್ಯವೇ ಇರಲಿಲ್ಲ, ಓಣಿ ಖಾಲಿಯಾಗಿದ್ದರೆ.

ಇಲಾಖೆಯ ಎಚ್ಚರಿಕೆ ನಮೂನೆಯಲ್ಲಿ ನೀರಿನ ಪ್ರಮಾಣ ಆರಿಸುವ ಪಟ್ಟಿ ತೊಂಬತ್ತು ಸಾವಿರ ಕ್ಯೂಸೆಕ್ಕಿಗೇ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚು ಬಿಡುವ ಕಾಲ ಬಂದೀತೆಂದು ನಮೂನೆ ಬರೆದವನಿಗೆ ಹೊಳೆದಿರಲಿಲ್ಲ. ಮಹಾನಂದ ಬಿಡಬೇಕಾದದ್ದು ಎರಡು ಲಕ್ಷದ ಹತ್ತು ಸಾವಿರ. ಹಾಗಾಗಿ ಅವಳು ನಮೂನೆ ಬಿಟ್ಟು ತನ್ನ ಕೈಯಾರೆ ಬರೆದಳು. 'ತಗ್ಗಿನ ಓಣಿಯವರೆಲ್ಲ ಈಗಲೇ ಮನೆ ಬಿಟ್ಟು ಗುಡ್ಡದ ಶಾಲೆಗೆ ಹೋಗಿ. 4.40ಕ್ಕೆ ನೀರು ಬಿಡುತ್ತೇವೆ. ದಯವಿಟ್ಟು ಬೇಗ ಹೋಗಿ.' ಕೆಳಗೆ ತನ್ನ ಹೆಸರು ಹಾಕಿದಳು.

ನಮೂನೆಯಲ್ಲಿಲ್ಲದ ಸೂಚನೆ, ಈಗಲೇ ಎಂಬ ಅವಸರ, ಬೇಡಿಕೊಳ್ಳುವ ಧಾಟಿ, ಪರಿಚಯದ ಹೆಸರು. ಮೋಸದ ಲಕ್ಷಣ ನಾಲ್ಕು ಎಂದು ಮಕ್ಕಳಿಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ನಾಲ್ಕೂ ಇದ್ದವು. ದಾಕ್ಷಾಯಣಿಗೆ ಒಂಬತ್ತು ಸೆಕೆಂಡೇ ಹೆಚ್ಚಾಯಿತು.

ಮಹಾನಂದ ಮುಖ್ಯ ಎಂಜಿನಿಯರರಿಗೆ ಫೋನು ಮಾಡಿದಳು. ತೀರ್ಪು ಬದಲಿಸಲು ರಾಜಧಾನಿಯಲ್ಲಿ ಸಮಿತಿ ಕೂರಬೇಕು, ಮೂರು ತಾಸು ಬೇಕು ಎಂದರು ಅವರು. ತೀರ್ಪು ಕೊಟ್ಟವರೇ ಹಿಂದಕ್ಕೆ ತೆಗೆದುಕೊಂಡರೆ ಒಂದು ನಿಮಿಷ ಸಾಕು ಎಂದೂ ಹೇಳಿದರು.

"ಕೊಟ್ಟದ್ದು ನಿಮ್ಮ ಮಗಳೇ ಅಂತಲ್ಲ?" ಎಂದರು.

ಮಗಳು ಫೋನು ಎತ್ತಲಿಲ್ಲ. ಸುಳ್ಳು ಸೂಚನೆಯ ಜೊತೆ ಬಂದ ಹೆಸರಿನಿಂದ ಯಾವ ಕರೆ ಬಂದರೂ ಅವಳ ಫೋನು ತಾನೇ ಕತ್ತರಿಸಿ ಹಾಕುತ್ತಿತ್ತು. ಅತ್ತೆ ನಿಂಗವ್ವನ ಬಳಿ ಗುಂಡಿ ಒತ್ತುವ ಹಳೆಯ ಫೋನಿತ್ತು. ಅದು ಎರಡು ಸಲ ಪೂರ್ತಿ ಹೊಡೆದು ನಿಂತಿತು. ಠಾಣೆಯ ಜೀಪಿಗೆ ಹೇಳಿದರೆ, ನಡುವಿನ ಹಳ್ಳ ರಸ್ತೆಯ ಮೇಲೆ ಆಳೆತ್ತರ ಹರಿಯುತ್ತಿದೆ, ಜೀಪು ಈಚೆ ದಡದಲ್ಲೇ ನಿಂತಿದೆ ಎಂದರು. ಹಳೆಯ ಸೈರನ್ನು ಹೋದ ವರ್ಷದ ಸಾವಿನ ನಂತರ ಜನರೇ ಕೀಳಿಸಿದ್ದರು, ಅದರ ದನಿ ಕೇಳಿದರೆ ಎದೆ ಒಡೆಯುತ್ತದೆ ಎಂದು.

ಮನೆಯಲ್ಲಿ ದಾಕ್ಷಾಯಣಿ ಸುಮ್ಮನೆ ಕೂತಿರಲಿಲ್ಲ. ತೀರ್ಪು ಕೊಟ್ಟಮೇಲೂ ಅವಳು ಪರೀಕ್ಷೆ ಮಾಡುತ್ತಲೇ ಇದ್ದಳು, ಅಷ್ಟು ಶಿಸ್ತಿನ ಹುಡುಗಿ. ಅಣೆಕಟ್ಟಿನ ಮಟ್ಟ ತೋರಿಸುವ ಪುಟ ನೋಡಿದಳು. ಅದರ ಮಾಪಕ ಬೆಳಿಗ್ಗೆಯೇ ನೀರಲ್ಲಿ ಮುಳುಗಿ ಕೆಟ್ಟು, ನಿನ್ನೆಯ ಅಂಕಿಯನ್ನೇ ತೋರಿಸುತ್ತಿತ್ತು. ಉಪಗ್ರಹದ ಚಿತ್ರದಲ್ಲಿ ಬರೀ ಮೋಡ. ಬೆಟ್ಟದ ಕೆರೆಗಳ ಕ್ಯಾಮೆರಾದಲ್ಲಿ ತುಂಬಿದ ಕೆರೆ ಶಾಂತವಾಗಿತ್ತು. ಸಂಪರ್ಕ ಕಡಿದಾಗಿನ ಕೊನೆಯ ಚಿತ್ರ ಅದು, ಆದರೆ ಹಾಗೆಂದು ಅಲ್ಲಿ ಯಾರೂ ಬರೆದಿರಲಿಲ್ಲ. ಹನ್ನೊಂದು ಕಡೆ ನೋಡಿದಳು, ಹನ್ನೊಂದೂ ಒಂದೇ ಮಾತು ಹೇಳಿದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವಳು ಪ್ರಮಾಣಗಳನ್ನೆಲ್ಲ ನೋಡಿದ್ದಳು, ಪ್ರತ್ಯಕ್ಷವೊಂದನ್ನು ಬಿಟ್ಟು. ಹೊಳೆ ಮನೆಯಿಂದ ಮುನ್ನೂರು ಹೆಜ್ಜೆ ದೂರ ಇತ್ತು.

ಆ ಮುನ್ನೂರು ಹೆಜ್ಜೆ ನಡೆದು ಬಂದವಳು ನಿಂಗವ್ವ. ನಾಲ್ಕು ಗಂಟೆಯ ಹೊತ್ತಿಗೆ ಏದುಸಿರು ಬಿಡುತ್ತ ಒಳಗೆ ಬಂದಳು.

"ದಾಕ್ಷಿ, ಅಂಬಿಗರು ಹರಗೋಲು ತಲಿಮ್ಯಾಲ ಹೊತ್ಕೊಂಡು ಗುಡ್ಡ ಹತ್ತಾಕತ್ತಾರ. ಹೊಳಿಗೆ ಕೂಡೋ ಹಳ್ಳದಾಗ ಬೇರುಸುದ್ದಾ ಬೇವಿನ ಗಿಡ ಬಂದೈತಿ, ಎಲಿ ಇನ್ನಾ ಹಸರ ಅದಾವು. ಹಳ್ಳಕ್ಕ ಇಷ್ಟು ಬಂತಂದ್ರ ಡ್ಯಾಮಿಗೆ ಎಷ್ಟು ಬಂದಿರಬೇಕು ಅಂತಾರ ಅವ್ರು."

"ಹೋದ ವರ್ಷನೂ ಅವ್ರು ಓಡಿದ್ರು ಅಜ್ಜಿ."

"ಹೋದ ವರ್ಷ ಹರಗೋಲು ಬಿಟ್ಟು ಓಡಿದ್ರು. ಈ ಸಲ ಹೊತ್ಕೊಂಡು ಹೊಂಟಾರ."

ದಾಕ್ಷಾಯಣಿ ತಲೆ ಎತ್ತಲಿಲ್ಲ. ಹೊರಗೆ ಓಣಿಯಲ್ಲಿ ಕಾಲುಸಪ್ಪಳ ಹೆಚ್ಚಾಗುತ್ತಿತ್ತು. ಪಕ್ಕದ ಮನೆಯ ಮುಬೀನಾ, ಆಳದಲ್ಲಿ ಎರಡನೆಯವಳು, ಗೋಡೆಯ ಮೇಲಿಂದ ಇಣುಕಿದಳು.

"ಏ ದಾಕ್ಷಿ, ಫೋನು, ಕೈಪಟ್ಟಿ ಎಲ್ಲಾ ಮನ್ಯಾಗ ಇಟ್ಟು ಬಾ. ನಾವೆಲ್ಲಾ ಹಂಗ ಮಾಡೇವಿ. ಟ್ಯೂಶನ್ ತಪ್ಪಿಸೋವಾಗ ಮಾಡಂಗಿಲ್ಲೇನು, ಹಂಗ. ಮನ್ಯಾಗ ಅದೀವಿ ಅಂತ ತೋರಸ್ತೈತಿ, ಅಂಕ ಹೋಗಂಗಿಲ್ಲ. ನೀರು ಬರದಿದ್ರ ಸಂಜಿಗೆ ವಾಪಸ್ ಬಂದ್ರಾತು."

"ನಾ ಸುಳ್ಳು ಅಂತ ಬರದೀನಿ ಮುಬೀ."

"ಬರದಿ, ಯಾರು ಇಲ್ಲ ಅಂದ್ರು? ನಾನೂ ಬರದೀನಿ. ನಮ್ಮ ಅಪ್ಪಾ ಬೈಯಾಕತ್ತಾನ, ನಾ ಹೊಂಟೆ."

ಓಣಿಯ ಮಕ್ಕಳ ಜಾಣತನ ಇಂಥದ್ದು. ಅಪ್ಪ ಅಮ್ಮನ ಮಾತು ಮೀರಲೂ ಇಲ್ಲ, ಅಂಕ ಬಿಡಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಫೋನುಗಳನ್ನು ಹಾಸಿಗೆಯ ಮೇಲೆ, ಜೋಳದ ಚೀಲದೊಳಗೆ, ದೇವರ ಮಾಡದಲ್ಲಿ ಇಟ್ಟು ಆರುನೂರ ಹತ್ತು ಮಕ್ಕಳು ದೊಡ್ಡವರ ಹಿಂದೆ ಗುಡ್ಡದ ಕಡೆ ನಡೆದರು. ಒಬ್ಬಳು ಮಾತ್ರ ಕೂತೇ ಇದ್ದಳು. ಮೊಮ್ಮಗಳನ್ನು ಬಿಟ್ಟು ಹೋಗಲಾರದೆ ನಿಂಗವ್ವ ಹೊಸ್ತಿಲ ಮೇಲೆ ಕೂತಳು.

ದಾಕ್ಷಾಯಣಿಯದು ಅಂಕದ ಆಸೆಯಲ್ಲ. ಹೋದ ವರ್ಷ ಅವ್ವನ ದನಿಯ ಆ ಕರೆ ಎತ್ತಿದವಳು ಅವಳೇ. ಆ ದನಿ ಬೆಳಿಗ್ಗೆ ಡಬ್ಬಿಗೆ ಏನು ಹಾಕಿದ್ದೆ ಎಂಬುದನ್ನೂ ಹೇಳಿತ್ತು. ಅಜ್ಜನ ಕೈ ಹಿಡಿದು ಓಡಿದಳು. ಗಿರಣಿಯ ಸಂದಿಯಲ್ಲಿ ಸತ್ತ ಮೂವರಲ್ಲಿ ಅಜ್ಜನೂ ಒಬ್ಬ. ಬಿಸಿ ಹಾಲಿಗೆ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ, ಈ ಹುಡುಗಿ ಮಜ್ಜಿಗೆಯನ್ನೇ ಬಿಟ್ಟಿದ್ದಳು. ಅಜ್ಜನ ತಿಥಿಯ ಮರುದಿನದಿಂದ ದಿನಕ್ಕೆ ಹನ್ನೆರಡು ತಾಸು ಪರದೆಯೊಳಗೆ ಇಳಿದು, ಮೋಸದ ಪ್ರತಿ ವಿದ್ಯೆಯನ್ನೂ ಕಲಿತು ಎಲ್ಲರಿಗಿಂತ ಮೇಲೆ ಬಂದಿದ್ದಳು. ಇನ್ನೊಮ್ಮೆ ನಂಬುವುದಿಲ್ಲ ಎಂಬುದು ಅವಳು ಅಜ್ಜನಿಗೆ ಕೊಟ್ಟ ಮಾತು.

ನಾಲ್ಕೂ ಇಪ್ಪತ್ತಾಯಿತು. ನಕಾಶೆಯಲ್ಲಿ ಆರುನೂರ ಹನ್ನೊಂದು ಚುಕ್ಕೆಗಳೂ ಇದ್ದಲ್ಲೇ ಇದ್ದವು.

ಮಹಾನಂದ ಓಣಿಯ ಖಾತರಿ ಫೋನುಗಳ ಪಟ್ಟಿ ತೆಗೆದು ಕೊಠಡಿಯ ಸ್ಥಿರ ಫೋನಿನಿಂದ ಒಂದೊಂದೇ ನಂಬರಿಗೆ ಮಾಡತೊಡಗಿದಳು. ಹೊಡೆಯುತ್ತದೆ, ಹೊಡೆಯುತ್ತದೆ, ನಿಲ್ಲುತ್ತದೆ. ಹದಿನಾಲ್ಕು ಮನೆಗೆ ಮಾಡಿದಳು. ಕತ್ತರಿಸಿದವರಿಲ್ಲ, ಎತ್ತಿದವರೂ ಇಲ್ಲ.

"ಒಬ್ರೂ ಎತ್ತವಲ್ರು ಕಾಕಾ," ಎಂದಳು. "ಹೆಂಗ ತೆಗೀಲಿ ಗೇಟು? ಅಷ್ಟೂ ಮಂದಿ ಅಲ್ಲೇ ಅದಾರ."

ಹುಸೇನಪೀರ ನಕಾಶೆಯನ್ನು ನೋಡಿದ, ಅವಳ ಕೈಯಲ್ಲಿದ್ದ ಫೋನನ್ನು ನೋಡಿದ.

"ಹದಿನಾಲ್ಕು ಹುಡುಗ್ರು ಫೋನು ಬಡ್ಕೊಂಡ್ರೂ ಎತ್ತಂಗಿಲ್ಲ ಅಂದ್ರ ಅದು ನಂಬೂ ಮಾತಲ್ರಿ ಮೇಡಂ. ನನ್ನ ಮಗಳು ನಿದ್ದಿಗಣ್ಣಾಗೂ ಎತ್ತತಾಳ. ಎತ್ತದ ದಿನ ಒಂದ ಇತ್ತು, ಫೋನು ತಲಿದಿಂಬಿನ ಕೆಳಗಿಟ್ಟು ಸಿನಿಮಾಕ್ಕ ಹೋಗಿದ್ಲು. ಅಲ್ಲಿ ಫೋನು ಅದಾವ, ಹುಡುಗ್ರು ಇಲ್ಲ."

ಮಹಾನಂದ ಆ ಚುಕ್ಕೆಗಳನ್ನು ಎರಡನೆಯ ಸಲ ನೋಡಿದಳು. ಅಷ್ಟು ಹೊತ್ತು ಅವು ಅವಳಿಗೆ ಮಕ್ಕಳಾಗಿ ಕಂಡಿದ್ದವು. ಮನಸ್ಸು ಒಂದು ಕ್ಷಣ ಹಗುರಾಯಿತು. ಖಚಿತ ಮಾಡಿಕೊಳ್ಳೋಣ ಎಂದು ಅತ್ತೆಯ ಹಳೆಯ ಫೋನಿಗೆ ಮತ್ತೊಮ್ಮೆ ಮಾಡಿದಳು. ಎತ್ತಬಾರದಿತ್ತು. ಎರಡನೆಯ ಹೊಡೆತಕ್ಕೇ ಎತ್ತಿದರು.

"ಯವ್ವಾ ಮಹಾನಂದಾ," ಎಂದಳು ನಿಂಗವ್ವ. "ಎಲ್ಲಾರೂ ಹೋದ್ರವ್ವಾ. ಓಣಿ ಬಣಬಣ ಅನ್ನಾಕತ್ತೈತಿ. ಇಕಿ ಒಬ್ಬಾಕಿ ಏಳವಲ್ಲಳು."

ನಾಲ್ಕೂ ಇಪ್ಪತ್ತೇಳು. ಮನೆಯಿಂದ ಗುಡ್ಡದ ಶಾಲೆಗೆ ಮುದುಕಿಯನ್ನು ಕರೆದುಕೊಂಡು ಹೋಗಲು ಇಪ್ಪತ್ತು ನಿಮಿಷ ಬೇಕು. ಗೇಟು ತೆರೆದರೆ ನೀರು ಓಣಿ ಮುಟ್ಟಲು ಇಪ್ಪತ್ತೈದು.

"ಆಕಿ ಕಿವಿಗೆ ಹಿಡೀರಿ ಅತ್ತಿ."

"ಅಜ್ಜಿ, ಕಟ್ ಮಾಡು," ಎಂಬ ಮಾತು ಕೇಳಿಸಿತು. ತಣ್ಣಗಿನ ದನಿ.

"ದಾಕ್ಷಿ, ನಾ ಅವ್ವ. ಏನು ಬೇಕಾದ್ರೂ ಕೇಳು, ಹೇಳತೀನಿ. ನೀ ಹುಟ್ಟಿದ ದಿನ..."

"ನಾ ಏನೂ ಕೇಳಂಗಿಲ್ಲ. ಕೇಳಿದ್ದಕ್ಕೆಲ್ಲಾ ನಿಮಗ ಉತ್ತರ ಗೊತ್ತಿರ್ತೈತಿ. ಹೋದ ವರ್ಷ ನಾ ಕೇಳಿದ್ದೆ, ಎಲ್ಲಾ ಬರೋಬ್ಬರಿ ಹೇಳಿದ್ರಿ."

ಮಗಳು ತನ್ನನ್ನು ಬಹುವಚನದಲ್ಲಿ ಕರೆದದ್ದು ಮಹಾನಂದಳಿಗೆ ಚುಚ್ಚಿತು. ತಾನು ತಾನೇ ಎಂದು ತೋರಿಸಲು ಅವಳ ಬಳಿ ಏನೂ ಉಳಿದಿರಲಿಲ್ಲ. ಜೋಗುಳ, ಮಚ್ಚೆ, ಮುದ್ದಿನ ಹೆಸರು, ಎಲ್ಲವೂ ಯಾವುದೋ ಫೋನಿನಲ್ಲಿ ದಾಖಲಾಗಿ ಯಾರದೋ ಕೈ ಸೇರಿದ್ದವು. ಹುಸೇನಪೀರ ಬೆರಳು ಎತ್ತಿ ಗಡಿಯಾರ ತೋರಿಸಿದ. ಮಹಾನಂದಳಿಗೆ ಅಳು ಬಂತು, ನುಂಗಿದಳು. ಅಳು ಕೂಡ ಮೋಸದ ಲಕ್ಷಣವೇ.

"ಒಂದು ಮಾತು ಕೇಳತೀನಿ, ಹೇಳಿಬಿಡು," ಎಂದಳು. "ಅವತ್ತು ಆ ದನಿ ನಿನಗ ಏನೇನು ಮಾಡು ಅಂತ ಹೇಳಿತ್ತು?"

"ಓಡು ಅಂತು. ಫೋನು ಕಟ್ ಮಾಡಬ್ಯಾಡ, ಕಿವಿಯಿಂದ ತಗೀಬ್ಯಾಡ, ನಾ ದಾರಿ ಹೇಳತೀನಿ, ಹಂಗ ಓಡು ಅಂತು." ದಾಕ್ಷಾಯಣಿಯ ಉಸಿರು ಕೇಳಿಸಿತು. "ನಾ ಅದನ್ನ ಕೇಳ್ಕೊಂತ ಓಡಿದೆ. ಅಜ್ಜನ ಕೈ ಯಾವಾಗ ಬಿಡ್ತು ಗೊತ್ತಾಗ್ಲಿಲ್ಲ."

ಆ ಸಂಗತಿಯನ್ನು ಅವಳು ವರ್ಷಪೂರ್ತಿ ಯಾರಿಗೂ ಹೇಳಿರಲಿಲ್ಲ. ತಾಯಿಗೆ ಹೇಳದ್ದನ್ನು ಸುಳ್ಳು ದನಿ ಎಂದುಕೊಂಡವರಿಗೆ ಹೇಳಿದಳು. ಮಹಾನಂದ ಮೇಜಿನ ಅಂಚು ಹಿಡಿದುಕೊಂಡಳು.

"ಹಂಗಾರ ಕೇಳು. ನಾ ನಿಮ್ಮವ್ವ ಅಂತ ನಂಬಬ್ಯಾಡ. ನಾ ಯಾರಾದ್ರೂ ಆಗಿರಲಿ. ಆದ್ರ ಫೋನು ಇಟ್ಟುಬಿಡು ಅಂತ ಯಾವ ಮೋಸಗಾರನೂ ಹೇಳಂಗಿಲ್ಲ, ಇಟ್ರ ಅವನ ಆಟ ಮುಗೀತು. ನಾ ಹೇಳತೀನಿ, ಇಡು. ಇದನ್ನೂ ಇಡು, ನಿಂದೂ ಇಡು, ಕೈಪಟ್ಟಿನೂ ಬಿಚ್ಚಿಡು. ಅಜ್ಜಿ ಕೈ ಹಿಡ್ಕೊಂಡು ಬಾಗಲದಾಗ ನಿಂತು ಹೊಳಿ ನೋಡು. ನೋಡಿದ ಮ್ಯಾಲ ನಿನಗ ಹೆಂಗ ತಿಳೀತೈತಿ ಹಂಗ ಮಾಡು. ನನ್ನ ಮಾತು ಇನ್ನ ಒಂದೂ ಕೇಳಬ್ಯಾಡ. ನಾ ಇನ್ನ ಮಾತಾಡಂಗಿಲ್ಲ."

ಹೇಳಿ ಬಾಯಿ ಮುಚ್ಚಿದಳು. ಇನ್ನೂ ನೂರು ಮಾತು ಗಂಟಲಲ್ಲಿದ್ದವು, ಬಾ ಎನ್ನಬೇಕು, ಓಡು ಎನ್ನಬೇಕು ಅನ್ನಿಸುತ್ತಿತ್ತು. ಒಂದು ಆಡಿದರೂ ತಾನು ಸುಳ್ಳು ದನಿಯಾಗುತ್ತೇನೆ ಎಂದು ಗೊತ್ತಿತ್ತು. ತುಟಿ ಕಚ್ಚಿಕೊಂಡು ಕೂತಳು. ಆ ನಿಮಿಷದಷ್ಟು ಕಷ್ಟದ ಕೆಲಸವನ್ನು ಅವಳು ಎಂದೂ ಮಾಡಿರಲಿಲ್ಲ.

ಆಚೆ ಏನನ್ನೋ ಕಲ್ಲಿನ ಕಟ್ಟೆಯ ಮೇಲೆ ಇಟ್ಟ ಸದ್ದು. ಕರೆ ಕಡಿಯಲಿಲ್ಲ, ಹಾಗೇ ಇಟ್ಟಿದ್ದರು. ಇನ್ನೊಂದು ಸಣ್ಣ ಸದ್ದು, ಅದು ಕೈಪಟ್ಟಿಯೋ ಏನೋ. ನಿಂಗವ್ವ ಏನೋ ಅಂದಳು, ಮಾತು ತಿಳಿಯಲಿಲ್ಲ. ಆಮೇಲೆ ಬರೀ ಗೋಡೆಗಡಿಯಾರದ ಟಿಕ್ ಟಿಕ್. ಅವರು ಬಾಗಿಲಲ್ಲಿ ನಿಂತಿದ್ದರೋ, ಒಳಗೇ ಕೂತಿದ್ದರೋ, ಹೋದರೋ, ಯಾವ ಪರದೆಯೂ ಹೇಳುವಂತಿರಲಿಲ್ಲ. ನಕಾಶೆಯಲ್ಲಿ ಮನೆಯ ಚುಕ್ಕೆ ಹಸಿರಾಗಿ, ಇದ್ದಲ್ಲೇ ಇತ್ತು.

"ನಾಲ್ಕೂ ನಲವತ್ತಾತ್ರಿ ಮೇಡಂ," ಎಂದ ಹುಸೇನಪೀರ. "ನಾ ಒತ್ತಲೇನು?"

"ಬ್ಯಾಡ ಕಾಕಾ. ನನ್ನ ಕೆಲಸ."

ಎಡಗೈಯಲ್ಲಿ ಫೋನನ್ನು ಕಿವಿಗೆ ಹಿಡಿದೇ ಬಲಗೈಯಿಂದ ಹದಿನಾರು ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಕಟ್ಟಡ ಅದುರಿತು. ಕಿಟಕಿಯ ಗಾಜಿಗೆ ನೀರಿನ ಹೊಗೆ ಬಂದು ಬಡಿಯಿತು. ಹೊಳೆ ತನ್ನ ದಾರಿ ಹಿಡಿಯಿತು.

ಮುಂದಿನ ಇಪ್ಪತ್ತೈದು ನಿಮಿಷ ಅವಳು ಕುರ್ಚಿಯಿಂದ ಏಳಲಿಲ್ಲ. ಹೆತ್ತವಳಾದ ಮೇಲೆ ಮೊದಲ ಸಲ, ಮಗಳ ದನಿ ಕೇಳಿಸದಿರಲಿ ದೇವರೇ ಎಂದು ಬೇಡಿಕೊಂಡಳು. ಗಡಿಯಾರ ಕೇಳಿಸಿತು. ಗಾಳಿಗೆ ಬಾಗಿಲು ಎರಡು ಸಲ ಬಡಿಯಿತು, ಯಾರೂ ಚಿಲಕ ಹಾಕಲಿಲ್ಲ. ಮನೆಯೊಳಗೇ ಎಲ್ಲೋ ದಾಕ್ಷಾಯಣಿಯ ಖಾತರಿ ಫೋನು ಸಣ್ಣಗೆ ಮೂರು ಸಲ ಕೂಗಿ ಸುಮ್ಮನಾಯಿತು. ಅದನ್ನು ಎತ್ತಿ ನೋಡಲು ಯಾರೂ ಬರಲಿಲ್ಲ.

ನಕಾಶೆಯ ಹೊಳೆದಂಡೆಯ ಚುಕ್ಕೆಗಳು ಆರತೊಡಗಿದವು. ಹತ್ತು, ಮೂವತ್ತು, ನೂರು. ಹುಸೇನಪೀರ ಅತ್ತ ನೋಡಲಾರದೆ ಗೋಡೆಗೆ ಮುಖ ಮಾಡಿ ನಿಂತ. ಮಹಾನಂದಳೂ ನೋಡಲಿಲ್ಲ. ಅವಳ ಕಿವಿಯೊಳಗೆ ನೀರು ಹೊಸ್ತಿಲು ದಾಟಿತು. ಅಡುಗೆಮನೆಯ ಪಾತ್ರೆಗಳು ತೇಲಿ ಒಂದಕ್ಕೊಂದು ತಾಗಿದವು. ಜೋಳದ ಡಬ್ಬಿ ಉರುಳಿತು. ಮರದ ಮಂಚ ಗೋಡೆಗೆ ಬಡಿಯಿತು. ಉಸಿರು ಬಿಗಿಹಿಡಿದು, ಆ ಎಲ್ಲ ಸದ್ದಿನ ನಡುವೆ ಒಂದು ಕೂಗಿಗಾಗಿ, ಒಂದು ಕೆಮ್ಮಿಗಾಗಿ ಹುಡುಕಿದಳು. ಒಂದೂ ಕೇಳಿಸಲಿಲ್ಲ. ಗಡಿಯಾರ ನಿಂತಿತು. ಕರೆ ಕಡಿಯಿತು.

ಮಹಾನಂದ ಫೋನನ್ನು ಕೆಳಗಿಟ್ಟಳು.

"ಮನ್ಯಾಗ ಯಾರೂ ಇಲ್ಲ ಕಾಕಾ," ಎಂದಳು.